ರನ್‌ವೇಗೆ ದುಡ್ಡು ಕೇಳುವ ಮೊದಲು ಯಾವ ವಿಮಾನ ಅಂತ ಹೇಳಿ

ಪ್ರಶ್ನೆ: ನಾವು ಸಕಲೇಶಪುರದ ಕಡೆಯ ಕಾಫಿ ಬೆಳೆಗಾರರು. ಹಾಸನದ ಬೂವನಹಳ್ಳಿ ವಿಮಾನ ನಿಲ್ದಾಣದ ಸುದ್ದಿ ಕೇಳಿ ಕೇಳಿ ಸಾಕಾಗಿದೆ. ಅಲ್ಲಿನ ರನ್‌ವೇ ಇನ್ನೂ ಉದ್ದ ಮಾಡಿಸಿ, ಸರಕು ವಿಮಾನವೂ ಇಳಿಯುವ ಹಾಗೆ ಮಾಡಲು ಕೇಂದ್ರ ಸರ್ಕಾರದ ಅನುದಾನ ಸಿಗುತ್ತದಾ? ನಮ್ಮ ಸಂಘದಿಂದ ಸಂಸದರಿಗೆ ಮನವಿ ಕೊಡಬೇಕು ಅಂತಿದ್ದೇವೆ. ಅಮೆರಿಕದಲ್ಲಿರುವ ನನ್ನ ತಂಗಿ ಮಗ, ಅಲ್ಲಿ ಸಣ್ಣ ಊರಿನ ರನ್‌ವೇಗೂ ಸರ್ಕಾರ ನೂರಕ್ಕೆ ತೊಂಬತ್ತು ಭಾಗ ಕೊಡುತ್ತದೆ ಅಂತಾನೆ. ಇಲ್ಲಿ ಯಾಕೆ ಹಾಗಿಲ್ಲ? ಮನವಿಯಲ್ಲಿ ಏನು ಬರೆಯಬೇಕು?

ಉತ್ತರ:

ಸಿಗುತ್ತದೆ. ಆದರೆ ನೀವು ಅಂದುಕೊಂಡಿರುವ ದಾರಿಯಲ್ಲಿ ಸಿಗುವುದಿಲ್ಲ. "ರನ್‌ವೇ ಉದ್ದ ಮಾಡಿ, ಹಣ ಕೊಡಿ" ಅಂತ ಬರೆದ ಮನವಿಗಳನ್ನು ನನ್ನ ಕೆಲಸದ ವರ್ಷಗಳಲ್ಲಿ ಎಷ್ಟೋ ನೋಡಿದ್ದೇನೆ. ಅವುಗಳ ಮೇಲೆ "ಪರಿಶೀಲಿಸಿ ಕ್ರಮ ವಹಿಸುವುದು" ಅಂತ ಒಂದು ಸಾಲು ಬೀಳುತ್ತದೆ, ಅಷ್ಟೇ. ಯಾರೂ ಬೇಕಂತ ತಡೆದದ್ದಲ್ಲ. ಮುಂದಿನ ಟೇಬಲ್ಲಿನವರಿಗೆ ಆ ಕಾಗದ ಹಿಡಿದುಕೊಂಡು ಮಾಡಲು ಏನೂ ಇರುವುದಿಲ್ಲ. ನಿಮ್ಮ ಮನವಿಗೆ ಹಾಗಾಗಬಾರದು ಅಂತಲೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ತಂಗಿ ಮಗನ ಮಾತು. ಅವರು ಹೇಳಿದ್ದು ನಿಜ. ಅಮೆರಿಕದಲ್ಲಿ 1982ರಿಂದ ವಿಮಾನ ನಿಲ್ದಾಣಗಳ ಸುಧಾರಣೆಗೇ ಅಂತ ಒಂದು ಕೇಂದ್ರ ಅನುದಾನ ಯೋಜನೆ ಇದೆ. ಸಣ್ಣ ನಿಲ್ದಾಣಗಳಿಗೆ ಅರ್ಹ ಖರ್ಚಿನ 90ರಿಂದ 95 ಭಾಗ ಅದರಿಂದ ಬರುತ್ತದೆ, ದೊಡ್ಡ ನಿಲ್ದಾಣಗಳಿಗೆ ಸಾಮಾನ್ಯವಾಗಿ 75. ಆದರೆ ಆ ದುಡ್ಡು ಎಲ್ಲಿಂದ ಬರುತ್ತದೆ ಅಂತಲೂ ನೋಡಬೇಕು. ಅಲ್ಲಿ ಟಿಕೆಟ್ ಮೇಲೆ, ವಿಮಾನದ ಇಂಧನದ ಮೇಲೆ ಹಾಕುವ ತೆರಿಗೆ ಒಂದು ಪ್ರತ್ಯೇಕ ನಿಧಿಗೆ ಹೋಗಿ ಸೇರುತ್ತದೆ. ಆ ನಿಧಿಯಿಂದಲೇ ಹಂಚುತ್ತಾರೆ. ನಿಲ್ದಾಣದ ಒಡೆತನ ಇರುವ ಪುರಸಭೆಯೋ ಕೌಂಟಿಯೋ (ನಮ್ಮ ಜಿಲ್ಲಾಡಳಿತದಂಥದ್ದು) ನೇರವಾಗಿ ಅರ್ಜಿ ಹಾಕುತ್ತದೆ. ಅರ್ಜಿ ಹಾಕುವ ಮೊದಲೇ ರಾಷ್ಟ್ರೀಯ ಪಟ್ಟಿಯಲ್ಲಿ ಹೆಸರಿರಬೇಕು, ಒಪ್ಪಿಗೆಯಾದ ನಕ್ಷೆ ಇರಬೇಕು, ಮುಂದಿನ ವರ್ಷಗಳಲ್ಲಿ ಯಾವ ಕೆಲಸ ಯಾವಾಗ ಅನ್ನುವ ಯೋಜನೆ ಕೊಟ್ಟಿರಬೇಕು. ದುಡ್ಡು ತೆಗೆದುಕೊಂಡ ಮೇಲೆ ನಿಲ್ದಾಣವನ್ನು ಚೆನ್ನಾಗಿ ಇಟ್ಟುಕೊಳ್ಳುತ್ತೇವೆ, ಎಲ್ಲರಿಗೂ ತೆರೆದಿಡುತ್ತೇವೆ ಅಂತ ಬರೆದುಕೊಡಬೇಕು. ಅಲ್ಲಿಯೂ ಸುಮ್ನೆ ಕೇಳಿದ್ದಕ್ಕೆ ಕೊಡುವುದಿಲ್ಲ.

ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಅಂದರೆ ಸಣ್ಣ ಊರುಗಳಿಗೂ ವಿಮಾನ ತರುವ ಕೇಂದ್ರದ ಉಡಾನ್ ಯೋಜನೆ. 2016ರ ಅಕ್ಟೋಬರ್‌ನಲ್ಲಿ ಶುರುವಾಯಿತು, ಮೊದಲ ವಿಮಾನ 2017ರ ಏಪ್ರಿಲ್ 27ರಂದು ಶಿಮ್ಲಾದಿಂದ ದೆಹಲಿಗೆ ಹಾರಿತು. ಇದರ ಜೊತೆಗೇ, ಬಳಕೆಯಿಲ್ಲದೆ ಬಿದ್ದಿರುವ ಅಥವಾ ತೀರಾ ಕಡಿಮೆ ಬಳಕೆಯ ನಿಲ್ದಾಣಗಳನ್ನು ಎಬ್ಬಿಸಲು ಕೇಂದ್ರ ಸಂಪುಟ 4,500 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ರಾಜ್ಯ ಸರ್ಕಾರದ ಒಡೆತನದ ನಿಲ್ದಾಣಗಳೂ ಇದರಲ್ಲಿ ಬರುತ್ತವೆ. ರನ್‌ವೇ ಮೇಲು ಹಾಸು, ಸುರಕ್ಷತಾ ಜಾಗ, ದೀಪ, ಸಣ್ಣ ಟರ್ಮಿನಲ್, ಎಲ್ಲಕ್ಕೂ ಇಲ್ಲಿಂದ ಹಣ ಹೋಗಿದೆ.

ಆದರೆ ಇಲ್ಲಿ ಒಂದು ವಿಷಯ ಜನಕ್ಕೆ ಗೊತ್ತಿರುವುದಿಲ್ಲ. ನನ್ನನ್ನು ಕೇಳಿದರೆ ಇಡೀ ಉತ್ತರದಲ್ಲಿ ನೀವು ನೆನಪಿಟ್ಟುಕೊಳ್ಳಬೇಕಾದ್ದು ಇದೇ. ಉಡಾನ್‌ನಲ್ಲಿ ನಿಲ್ದಾಣ ಮೊದಲು ಬಂದು ದುಡ್ಡು ಕೇಳುವುದಿಲ್ಲ. ವಿಮಾನ ಕಂಪನಿ ಮೊದಲು ಬರಬೇಕು. ಒಂದು ಕಂಪನಿ "ನಾನು ಈ ಊರಿಂದ ಆ ಊರಿಗೆ ಹಾರಿಸುತ್ತೇನೆ, ಇಷ್ಟು ನಷ್ಟ ಆಗುತ್ತದೆ, ಅದನ್ನು ತುಂಬಿಕೊಡಿ" ಅಂತ ಬಿಡ್ ಹಾಕಿ ಆ ಮಾರ್ಗ ಗೆಲ್ಲಬೇಕು. ರಾಜ್ಯ ಸರ್ಕಾರ ತನ್ನ ಕಡೆಯ ರಿಯಾಯಿತಿಗಳಿಗೆ ಒಪ್ಪಬೇಕು. ಆಮೇಲೆ ಆ ನಿಲ್ದಾಣಕ್ಕೆ ಏನೇನು ಕೊರತೆ ಇದೆ ಅಂತ ನೋಡಿ ಕಾಮಗಾರಿಗೆ ಹಣ ಬಿಡುತ್ತಾರೆ. ವಿಮಾನ ಮುಂದೆ, ಡಾಂಬರು ಹಿಂದೆ. ನಾವು ಮಾತ್ರ ಯಾವಾಗಲೂ ಡಾಂಬರು ಮುಂದಿಟ್ಟುಕೊಂಡು ಹೋಗುತ್ತೇವೆ.

ರಾಜ್ಯ ಒಪ್ಪಬೇಕಾದ ರಿಯಾಯಿತಿಗಳೂ ಸಣ್ಣವಲ್ಲ. ಬೇಕಾದ ಜಾಗ ಪುಕ್ಕಟೆ ಕೊಡಬೇಕು. ಪೊಲೀಸ್ ಮತ್ತು ಅಗ್ನಿಶಾಮಕ ಸೇವೆಗೆ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ. ವಿದ್ಯುತ್, ನೀರು ಕಡಿಮೆ ದರದಲ್ಲಿ ಕೊಡಬೇಕು. ವಿಮಾನ ಇಂಧನದ ಮೇಲಿನ ವ್ಯಾಟ್ ಅನ್ನು ಹತ್ತು ವರ್ಷ ಶೇ. 1 ಅಥವಾ ಅದಕ್ಕಿಂತ ಕಡಿಮೆ ಇಡಬೇಕು. ಕಂಪನಿಯ ನಷ್ಟ ತುಂಬಿಕೊಡುವ ಹಣದಲ್ಲಿ ನಮ್ಮಂಥ ರಾಜ್ಯದ ಪಾಲು ನೂರಕ್ಕೆ 20, ಕೇಂದ್ರದ್ದು 80. ಆ 80 ಭಾಗ ಬರುವುದೂ ಬೇರೆ ಮಾರ್ಗಗಳ ವಿಮಾನಗಳ ಮೇಲೆ ಹಾಕುವ ಒಂದು ಶುಲ್ಕದಿಂದ. ಅಂದರೆ ಬೆಂಗಳೂರು-ದೆಹಲಿ ಹಾರುವವರು ಸಣ್ಣ ಊರಿನ ವಿಮಾನಕ್ಕೆ ಸ್ವಲ್ಪ ಕೈಹಿಡಿದ ಹಾಗೆ. ಮೂರು ವರ್ಷ ಮಾತ್ರ ಈ ಆಸರೆ. ಆಮೇಲೆ ವಿಮಾನ ತನ್ನ ಕಾಲ ಮೇಲೆ ನಿಲ್ಲಬೇಕು.

2025ರ ಫೆಬ್ರವರಿ ಬಜೆಟ್‌ನಲ್ಲಿ ಉಡಾನ್ ಅನ್ನು ಬದಲಾಯಿಸಿ, ಮುಂದಿನ ಹತ್ತು ವರ್ಷಗಳಲ್ಲಿ 120 ಹೊಸ ಊರುಗಳನ್ನು ಸೇರಿಸುತ್ತೇವೆ ಅಂತ ಘೋಷಿಸಿದ್ದಾರೆ. ಹಾಗಾಗಿ ನೀವು ಕೇಳುತ್ತಿರುವ ಸಮಯ ಒಳ್ಳೆಯದೇ.

ಈಗ ಹಾಸನಕ್ಕೆ ಬರೋಣ. 2007ರಲ್ಲಿ ಶಂಕುಸ್ಥಾಪನೆ ಆಯಿತು. ಮಧ್ಯೆ ವರ್ಷಗಟ್ಟಲೆ ನಿಂತಿತು. 2021ರಲ್ಲಿ ರಾಜ್ಯ ಸರ್ಕಾರ ಸುಮಾರು 193 ಕೋಟಿ ರೂಪಾಯಿಯ ಯೋಜನೆಯಾಗಿ ಮತ್ತೆ ಎತ್ತಿಕೊಂಡಿತು. ಕೇಂದ್ರದಿಂದ ತಾತ್ವಿಕ ಒಪ್ಪಿಗೆ ಸಿಕ್ಕಿರುವ ಹೊಸ ನಿಲ್ದಾಣಗಳ ಪಟ್ಟಿಯಲ್ಲಿ ಹಾಸನ ಇದೆ, ಕಲಬುರಗಿ, ಶಿವಮೊಗ್ಗ, ವಿಜಯಪುರದ ಜೊತೆ. ಅಂದರೆ ಇಲ್ಲಿ ಒಡೆಯ ರಾಜ್ಯ ಸರ್ಕಾರ. ಕೇಂದ್ರದ ಬಾಗಿಲು ತಟ್ಟಬೇಕಾದ್ದು ಮೂಲಸೌಲಭ್ಯ ಅಭಿವೃದ್ಧಿ ಇಲಾಖೆ. ನಿಮ್ಮ ಸಂಘ ತಟ್ಟಿದರೆ ಬಾಗಿಲು ತೆರೆಯುವುದಿಲ್ಲ, ಸಂಸದರು ತಟ್ಟಿದರೂ "ರಾಜ್ಯದಿಂದ ಪ್ರಸ್ತಾವ ಬರಲಿ" ಅಂತಲೇ ಉತ್ತರ ಬರುತ್ತದೆ. ಹಾಗಂತ ಸಂಸದರಿಗೆ ಕೊಡಬೇಡಿ ಅಂತಲ್ಲ. ಸಂಸದರಿಗೆ ಒಂದು, ಜಿಲ್ಲಾಧಿಕಾರಿಗಳ ಮೂಲಕ ಇಲಾಖೆಗೆ ಒಂದು, ಎರಡನ್ನೂ ಒಂದೇ ದಿನ ಕೊಡಿ. ಎರಡರಲ್ಲೂ ಒಂದೇ ಮಾತಿರಲಿ.

ಇನ್ನು "ಉದ್ದ ಮಾಡಿಸಿ" ಅನ್ನುವ ಮಾತು. ಎಷ್ಟು ಉದ್ದ? ಇದಕ್ಕೆ ಉತ್ತರ ಇಲ್ಲದಿದ್ದರೆ ಮನವಿ ಅಲ್ಲೇ ನಿಂತಿತು ಅಂತ ಲೆಕ್ಕ. ಇದನ್ನು ನೀವೇ ಒಂದು ಕಾಗದದ ಮೇಲೆ ಸ್ಥೂಲವಾಗಿ ಮಾಡಿ ನೋಡಬಹುದು.

ಎಪ್ಪತ್ತು ಜನ ಕೂರುವ ಎಟಿಆರ್ 72 ವಿಮಾನ ತಗೊಳ್ಳಿ, ಸಣ್ಣ ಊರುಗಳಿಗೆ ಬರುವುದು ಜಾಸ್ತಿ ಅದೇ. ಸಮುದ್ರಮಟ್ಟದಲ್ಲಿ, ತಂಪು ಹವೆಯಲ್ಲಿ, ತುಂಬಿದ ಭಾರದಲ್ಲಿ ಮೇಲೇರಲು ಅದಕ್ಕೆ ಸುಮಾರು 1,300 ಮೀಟರ್ ಬೇಕು. ಆದರೆ ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಎತ್ತರ ಹೋದಷ್ಟೂ ಗಾಳಿ ತೆಳು. ರೆಕ್ಕೆಗೂ ಎಂಜಿನ್‌ಗೂ ಹಿಡಿತ ಕಡಿಮೆ. ಅಂತರರಾಷ್ಟ್ರೀಯ ಲೆಕ್ಕದಲ್ಲಿ ಪ್ರತಿ 300 ಮೀಟರ್ ಎತ್ತರಕ್ಕೆ ಉದ್ದವನ್ನು ಶೇ. 7 ಹೆಚ್ಚಿಸಬೇಕು. ನಮ್ಮ ಎತ್ತರಕ್ಕೆ ಶೇ. 22 ಬಂತು. 1,300 ಇದ್ದದ್ದು 1,590ರ ಹತ್ತಿರ ಆಯಿತು. ಆಮೇಲೆ ಬಿಸಿಲು. ಈ ಎತ್ತರಕ್ಕೆ ಲೆಕ್ಕದಲ್ಲಿ ಹಿಡಿಯುವ ಪ್ರಮಾಣಿತ ಉಷ್ಣಾಂಶ 9 ಡಿಗ್ರಿಯ ಆಸುಪಾಸು, ನಮ್ಮ ಏಪ್ರಿಲ್ ಮಧ್ಯಾಹ್ನ 33 ಅಂತ ಇಟ್ಟುಕೊಂಡರೆ ವ್ಯತ್ಯಾಸ 24 ಡಿಗ್ರಿ. ಪ್ರತಿ ಡಿಗ್ರಿಗೆ ಶೇ. 1. ಅಲ್ಲಿಗೆ 1,970 ಮೀಟರ್ ಆಯಿತು. ರನ್‌ವೇ ಇಳಿಜಾರಿದ್ದರೆ ಅದಕ್ಕೆ ಬೇರೆ ಸೇರಿಸಬೇಕು. ಎತ್ತರ ಮತ್ತು ಬಿಸಿಲಿನ ತಿದ್ದುಪಡಿ ಸೇರಿ ಶೇ. 35 ದಾಟಿದರೆ ಈ ಕೈಲೆಕ್ಕ ನಂಬಬೇಡಿ, ಆ ವಿಮಾನಕ್ಕೇ ಪ್ರತ್ಯೇಕ ಅಧ್ಯಯನ ಮಾಡಿಸಿ ಅಂತಲೂ ನಿಯಮ ಹೇಳುತ್ತದೆ. ನಮ್ಮದು ಶೇ. 50 ದಾಟಿತು. ಚಿಕ್ಕಮಗಳೂರು ಇನ್ನೂ ಎತ್ತರ, 1,090 ಮೀಟರ್ ಹತ್ತಿರ, ಅಲ್ಲಿ ಇನ್ನೂ ಜಾಸ್ತಿ ಬರುತ್ತದೆ.

ಹಾಗಾಗಿ ಮನವಿಯ ಮೊದಲ ಬೇಡಿಕೆ ಹಣ ಅಲ್ಲ, ಈ ಅಧ್ಯಯನ. ಇದಕ್ಕೆ ಆಗುವ ಖರ್ಚು ಡಾಂಬರಿನ ಖರ್ಚಿನ ಮುಂದೆ ಏನೂ ಅಲ್ಲ. ಆದರೆ ಇದಿಲ್ಲದೆ ಯಾರೂ ಡಾಂಬರಿಗೆ ಸಹಿ ಹಾಕುವುದಿಲ್ಲ.

ಏರ್‌ಬಸ್ 320 ಥರದ ವಿಮಾನ ಬೇಕು ಅಂತ ಕೇಳುವವರಿದ್ದಾರೆ. ಅದು ಸಮುದ್ರಮಟ್ಟದಲ್ಲೇ 2,000 ಮೀಟರ್ ಮೇಲೆ ಕೇಳುತ್ತದೆ. ಅದೇ ಒಂದೂವರೆ ಪಟ್ಟು ಹಾಕಿ ನೋಡಿ. ಶಿವಮೊಗ್ಗದ ಸೋಗಾನೆಯಲ್ಲಿ 3,200 ಮೀಟರ್ ರನ್‌ವೇ ಯಾಕೆ ಮಾಡಿದರು ಅನ್ನುವುದು ಆಗ ಅರ್ಥ ಆಗುತ್ತದೆ. ಸುಮಾರು 450 ಕೋಟಿ ಖರ್ಚಿನ ಆ ನಿಲ್ದಾಣವನ್ನು ಕಟ್ಟಿದ್ದು ರಾಜ್ಯವೇ. 2023ರ ಫೆಬ್ರವರಿ 27ರಂದು ಉದ್ಘಾಟನೆ ಆಯಿತು, ಮೊದಲ ಪ್ರಯಾಣಿಕ ವಿಮಾನ ಆಗಸ್ಟ್ 31ಕ್ಕೆ ಬಂತು. ನಡುವಿನ ಆರು ತಿಂಗಳು ಗಮನಿಸಿ. ರನ್‌ವೇ ಮುಗಿದ ಮಾರನೇ ದಿನ ವಿಮಾನ ಬರುವುದಿಲ್ಲ. ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎಯ ಲೈಸೆನ್ಸ್, ಭದ್ರತಾ ಒಪ್ಪಿಗೆ, ಅಗ್ನಿಶಾಮಕ ಸಿಬ್ಬಂದಿಯ ತರಬೇತಿ, ಎಲ್ಲಾ ಆಗಬೇಕು.

ಈಗ ಕಾಫಿಯ ಮಾತು. ನಿಮಗೆ ಇದು ಇಷ್ಟ ಆಗಲಿಕ್ಕಿಲ್ಲ, ಆದರೂ ಹೇಳಲೇಬೇಕು. ಮನವಿಯಲ್ಲಿ ಕಾಫಿಯನ್ನು ಮುಖ್ಯ ಕಾರಣ ಮಾಡಬೇಡಿ. ಇಪ್ಪತ್ತು ಅಡಿಯ ಒಂದು ಕಂಟೇನರ್‌ಗೆ 60 ಕೆಜಿಯ 320 ಚೀಲ ಹಿಡಿಯುತ್ತದೆ, 19 ಟನ್ ಮೇಲಾಯಿತು. ಎಟಿಆರ್ ಸರಕು ವಿಮಾನ ಹೊರುವುದು ಎಂಟೊಂಬತ್ತು ಟನ್. ಒಂದು ಕಂಟೇನರ್ ಕಾಫಿಗೆ ಎರಡು ಟ್ರಿಪ್ಪಿಗೂ ಸಾಲದು. ನಿಮ್ಮ ಕಾಫಿ ಇವತ್ತು ಶಿರಾಡಿ ಇಳಿದು ಮಂಗಳೂರು ಬಂದರಿಗೆ ಹೋಗುತ್ತಿದೆ. ವಾರಗಟ್ಟಲೆ ಹಡಗಿನಲ್ಲಿದ್ದರೂ ಕೆಡದ ಸರಕು ಅದು. ದೆಹಲಿಯಲ್ಲಿ ಕೂತ ಅಧಿಕಾರಿಗೆ ಈ ಲೆಕ್ಕ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಗೊತ್ತಾದ ಕ್ಷಣದಿಂದ ಮನವಿಯ ಉಳಿದ ಪುಟಗಳ ಮೇಲೂ ನಂಬಿಕೆ ಹೋಗುತ್ತದೆ. ಕೃಷಿ ಉಡಾನ್ ಅಂತ ಒಂದಿದೆಯಲ್ಲ ಅಂತ ಕೇಳಬಹುದು. ಅದು ಮುಖ್ಯವಾಗಿ ಈಶಾನ್ಯ, ಗುಡ್ಡಗಾಡು, ಬುಡಕಟ್ಟು ಪ್ರದೇಶಗಳಿಂದ ಬೇಗ ಕೆಡುವ ಸರಕು ಸಾಗಿಸಲು ಇಳಿಯುವ ಮತ್ತು ನಿಲ್ಲುವ ಶುಲ್ಕ ಬಿಡುವ ವ್ಯವಸ್ಥೆ. ಅದರಿಂದ ರನ್‌ವೇ ಕಟ್ಟಲು ಹಣ ಬರುವುದಿಲ್ಲ.

ಹಾಗಾದರೆ ಏನು ಬರೆಯಬೇಕು? ಜನ. ಯಾರು ಹಾರುತ್ತಾರೆ, ಎಲ್ಲಿಗೆ ಹಾರುತ್ತಾರೆ, ವಾರಕ್ಕೆ ಎಷ್ಟು ಜನ.

ಹಾಸನಕ್ಕೆ ಹೇಳಿಕೊಳ್ಳಲು ಇರುವುದು ಕಡಿಮೆಯೇನಲ್ಲ. ಬೇಲೂರು, ಹಳೇಬೀಡು 2023ರ ಸೆಪ್ಟೆಂಬರ್‌ನಲ್ಲಿ ಸೋಮನಾಥಪುರದ ಜೊತೆ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ 2018ರಲ್ಲಿ ಆಯಿತು, ಹನ್ನೆರಡು ವರ್ಷಕ್ಕೊಮ್ಮೆ ಅಂದರೆ ಮುಂದಿನದು 2030ಕ್ಕೆ. ಇದು ಬಹಳ ದೊಡ್ಡ ವಾದ, ಯಾಕೆಂದರೆ ಇದಕ್ಕೊಂದು ತಾರೀಕು ಇದೆ. ತಾರೀಕು ಇರುವ ಬೇಡಿಕೆ ಫೈಲಿನಲ್ಲಿ ಬೇಗ ಓಡುತ್ತದೆ. ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ 1982ರಿಂದ ನಮ್ಮೂರಲ್ಲೇ ಇದೆ, ಅಲ್ಲಿಗೆ ದೇಶದ ಎಲ್ಲ ಕಡೆಯಿಂದ ಜನ ಬಂದು ಹೋಗುತ್ತಾರೆ. ಮಳೆಗಾಲದಲ್ಲಿ ಶಿರಾಡಿ ಘಾಟಿ ಕುಸಿದು ರಸ್ತೆ ಮುಚ್ಚುವುದು ನಿಮಗೆ ನಾನು ಹೇಳಬೇಕಾಗಿಲ್ಲ.

ನಮ್ಮ ದುರ್ಬಲ ಜಾಗವನ್ನೂ ಒಪ್ಪಿಕೊಳ್ಳಬೇಕು. ಬೆಂಗಳೂರು 185 ಕಿಲೋಮೀಟರ್. ನಾಲ್ಕು ಪಥದ ರಸ್ತೆ ಇದೆ, ರೈಲಿದೆ. ಹಾಸನ-ಬೆಂಗಳೂರು ವಿಮಾನ ಬೇಕು ಅಂತ ಬರೆದರೆ ಯಾವ ಕಂಪನಿಯೂ ತಿರುಗಿ ನೋಡುವುದಿಲ್ಲ. ಹೈದರಾಬಾದ್, ಮುಂಬೈ, ಚೆನ್ನೈ ಕೇಳಿ. ಈಗ ಆ ಊರುಗಳಿಗೆ ಹೋಗಬೇಕಾದವರು ಮೊದಲು ಬೆಂಗಳೂರಿನ ಟ್ರಾಫಿಕ್ ದಾಟಿ ಊರಿನ ಆ ತುದಿಯ ದೇವನಹಳ್ಳಿಗೆ ಹೋಗಬೇಕು. ವಿಮಾನ ಒಂದೂವರೆ ಗಂಟೆ, ಕಾರು ಐದು ಗಂಟೆ. ಆ ಐದು ಗಂಟೆ ಉಳಿಸುತ್ತೇವೆ ಅನ್ನುವುದೇ ನಿಮ್ಮ ವಾದ ಆಗಬೇಕು.

ಅಂಕಿ ಎಲ್ಲಿಂದ ತರುವುದು? ಹಾಸನದ ಒಂದು ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ನಾನು ಒಮ್ಮೆ ಒಬ್ಬ ಡ್ರೈವರ್‌ನ ಟ್ರಿಪ್ ಪುಸ್ತಕ ಇಸಿದುಕೊಂಡು ನೋಡಿದೆ. ನೂರು ಪುಟದ ಶಾಲೆ ನೋಟ್‌ಬುಕ್, ರಟ್ಟಿನ ಮೇಲೆ ಗಣಪತಿಯ ಸ್ಟಿಕರ್. ಒಳಗೆ ತಾರೀಕು, ಎಲ್ಲಿಂದ, ಎಲ್ಲಿಗೆ, ಎಷ್ಟು ಜನ, ಬಾಡಿಗೆ. "ಏರ್‌ಪೋರ್ಟ್" ಅಂತ ಬರೆದ ಸಾಲುಗಳ ಕೆಳಗೆ ಕೆಂಪು ಗೆರೆ, ಯಾಕೆಂದರೆ ಆ ಬಾಡಿಗೆ ಜಾಸ್ತಿ. ಒಂದು ತಿಂಗಳ ಪುಟ ತಿರುವಿದಾಗ ಹೆಚ್ಚುಕಡಿಮೆ ದಿನ ಬಿಟ್ಟು ದಿನ ಒಂದು ಕೆಂಪು ಗೆರೆ. ಒಬ್ಬನ ಪುಸ್ತಕ ಅದು. ಇಂಥ ಮೂವತ್ತು ಪುಸ್ತಕ, ಜೊತೆಗೆ ಹತ್ತು ರೆಸಾರ್ಟ್ ಮತ್ತು ಹೋಂಸ್ಟೇಗಳ ಬುಕಿಂಗ್ ಪಟ್ಟಿ, ಎರಡು ಆಸ್ಪತ್ರೆಗಳಿಂದ ಹೊರರಾಜ್ಯದ ರೋಗಿಗಳ ಸಂಖ್ಯೆ. ಇಷ್ಟನ್ನು ಒಂದು ಪುಟದ ಕೋಷ್ಟಕ ಮಾಡಿ. ಕನ್ಸಲ್ಟೆಂಟ್ ಬರೆದ ಇನ್ನೂರು ಪುಟದ ವರದಿಗಿಂತ ವಿಮಾನ ಕಂಪನಿಯ ಮಾರ್ಗ ಯೋಜನೆಯವರು ಇದನ್ನು ಗಮನ ಕೊಟ್ಟು ಓದುತ್ತಾರೆ. ನಿಮ್ಮ ಸಂಘದ ಹುಡುಗರು ಮನಸ್ಸು ಮಾಡಿದರೆ ಒಂದು ತಿಂಗಳ ಕೆಲಸ.

ಚಿಕ್ಕಮಗಳೂರಿನವರನ್ನೂ ಜೊತೆಗೆ ಸೇರಿಸಿಕೊಳ್ಳಿ. ಅಲ್ಲಿಯವರು ತಮ್ಮೂರಿಗೇ ಬೇರೆ ಏರ್‌ಸ್ಟ್ರಿಪ್ ಬೇಕು ಅಂತ ಬಹಳ ದಿನದಿಂದ ಕೇಳುತ್ತಿದ್ದಾರೆ, ಅವರ ಆಸೆ ತಪ್ಪಲ್ಲ. ಆದರೆ ಎರಡು ಊರಿನ ನಡುವೆ ಅರವತ್ತು ಕಿಲೋಮೀಟರ್. ಎರಡು ಜಿಲ್ಲೆ ಸೇರಿ ಒಂದು ವಿಮಾನ ತುಂಬಿಸಿದರೆ ಅದು ನಿಲ್ಲುತ್ತದೆ. ಬೇರೆ ಬೇರೆಯಾಗಿ ಎರಡು ಅರ್ಧ ವಿಮಾನ ಕೇಳಿದರೆ ಎರಡೂ ಬರುವುದಿಲ್ಲ. ನನ್ನ ಖಚಿತ ಅಭಿಪ್ರಾಯ ಇದು.

ಜಾಗದ ವಿಷಯ. ರನ್‌ವೇ ಅಂದರೆ ಜನರ ಕಣ್ಣಿಗೆ ಬರುವುದು ಮೂವತ್ತು ಮೀಟರ್ ಅಗಲದ ಡಾಂಬರು. ಅದರ ಸುತ್ತ ಖಾಲಿ ಬಿಡಬೇಕಾದ ಜಾಗ ಯಾರೂ ಲೆಕ್ಕ ಹಾಕುವುದಿಲ್ಲ. 2,000 ಮೀಟರ್ ರನ್‌ವೇ ಅಂದುಕೊಳ್ಳಿ. ಎರಡೂ ತುದಿಯಲ್ಲಿ 60 ಮೀಟರ್ ಪಟ್ಟಿ. ಅದರಾಚೆ, ವಿಮಾನ ಓಡಿ ಹೊರಗೆ ಹೋದರೂ ಜನ ಬದುಕಿ ಉಳಿಯಲಿ ಅಂತ, 240 ಮೀಟರ್ ಸುರಕ್ಷತಾ ಜಾಗ. ಕನಿಷ್ಠ 90 ಬೇಕೇ ಬೇಕು, 240 ಇರುವುದು ಒಳ್ಳೆಯದು ಅನ್ನುತ್ತದೆ ನಿಯಮ. 2010ರಲ್ಲಿ ಮಂಗಳೂರಿನಲ್ಲಿ 158 ಜನ ಹೋದದ್ದು ರನ್‌ವೇ ತುದಿ ದಾಟಿದ ವಿಮಾನದಲ್ಲಿ. ಆ ಜಾಗವನ್ನು "ಉಳಿಸೋಣ" ಅಂತ ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಒಟ್ಟು 2,600 ಮೀಟರ್ ಉದ್ದ ಆಯಿತು. ಉಪಕರಣದ ಸಹಾಯದಿಂದ ಇಳಿಯುವ ರನ್‌ವೇಗೆ ಪಟ್ಟಿಯ ಅಗಲ 280 ಮೀಟರ್. ಗುಣಿಸಿದರೆ ಹತ್ತಿರ ಹತ್ತಿರ 180 ಎಕರೆ, ಬರೀ ರನ್‌ವೇಗೆ. ಟರ್ಮಿನಲ್, ರಸ್ತೆ, ವಿಮಾನ ನಿಲ್ಲಿಸುವ ಅಂಗಳ ಬೇರೆ.

ಮೈಸೂರಿನ ಮಂಡಕಳ್ಳಿಯಲ್ಲಿ ಏನಾಗಿದೆ ನೋಡಿ. 1,740 ಮೀಟರ್ ಇರುವ ರನ್‌ವೇಯನ್ನು 2,750ಕ್ಕೆ ಒಯ್ಯಬೇಕು ಅಂತ ಎಷ್ಟೋ ವರ್ಷದ ಮಾತು. ಜಾಗ ರಾಜ್ಯ ಕೊಡಬೇಕು. ಎದುರಿಗೆ ನಂಜನಗೂಡು ಹೆದ್ದಾರಿ. ಹೆದ್ದಾರಿ ಏನು ಮಾಡುವುದು ಅನ್ನುವ ಪ್ರಶ್ನೆಗೇ ವರ್ಷಗಳು ಹೋದವು. ಬೂವನಹಳ್ಳಿಯಲ್ಲಿ ಮುಂದೆ ಉದ್ದ ಮಾಡುವುದಾದರೆ ಯಾವ ತುದಿಗೆ ಅನ್ನುವುದು ಈಗಲೇ ನಕ್ಷೆಯ ಮೇಲೆ ತೀರ್ಮಾನ ಆಗಬೇಕು. ಅಲ್ಲಿಯ ಸರ್ವೆ ನಂಬರುಗಳಲ್ಲಿ ಬಡಾವಣೆ ಏಳುವ ಮೊದಲು.

ಇಲ್ಲಿ ನಿಮ್ಮೂರಿನವರೇ, ಯಾರ ಅನುದಾನಕ್ಕೂ ಕಾಯದೆ ಮಾಡಬಹುದಾದ ಕೆಲಸ ಒಂದಿದೆ. ವಿಮಾನ ಇಳಿಯುವ ದಾರಿಯ ಕೆಳಗೆ, ಮರ, ಮನೆ ಯಾವುದೂ ದಾಟಬಾರದ ಒಂದು ಎತ್ತರದ ಮಿತಿ ಇದೆ. ಆ ಮಿತಿ ರನ್‌ವೇ ತುದಿಯಿಂದ 60 ಮೀಟರ್ ಆಚೆ ಶುರುವಾಗಿ ನೂರಕ್ಕೆ ಎರಡರಂತೆ ಮೇಲೇರುತ್ತದೆ. ತುದಿಯಿಂದ 500 ಮೀಟರ್ ದೂರದಲ್ಲಿ ಅದರ ಎತ್ತರ ಒಂಬತ್ತು ಮೀಟರ್ ಕೂಡ ಇಲ್ಲ. ಒಂದು ಸಿಲ್ವರ್ ಓಕ್ ಮರ ಅದನ್ನು ಸುಲಭವಾಗಿ ದಾಟುತ್ತದೆ. ತೆಂಗು ದಾಟುತ್ತದೆ. ಮೂರು ಮಹಡಿ ಮನೆ ಮೇಲೆ ನೀರಿನ ಟ್ಯಾಂಕ್ ಇಟ್ಟರೆ ಅದೂ ದಾಟುತ್ತದೆ. ಸುತ್ತಲ ಗ್ರಾಮ ಪಂಚಾಯಿತಿಗಳಲ್ಲಿ ಮನೆ ಕಟ್ಟಲು, ಮೊಬೈಲ್ ಟವರ್ ಹಾಕಲು ಅನುಮತಿ ಕೊಡುವಾಗ ವಿಮಾನ ನಿಲ್ದಾಣ ಪ್ರಾಧಿಕಾರದ ಎತ್ತರದ ಒಪ್ಪಿಗೆ ಕೇಳಬೇಕು ಅಂತ ಪಿಡಿಒಗಳಿಗೆ ಮನದಟ್ಟು ಮಾಡಿ. ಗ್ರಾಮ ಸಭೆಯಲ್ಲಿ ಮಾತಾಡಿ. ಇವತ್ತು ಕೊಟ್ಟ ಒಂದು ಅನುಮತಿ ನಾಳೆ ರನ್‌ವೇಯ ಇನ್ನೂರು ಮೀಟರ್ ತಿನ್ನುತ್ತದೆ. ಡಾಂಬರು ಅಲ್ಲೇ ಇರುತ್ತದೆ, ಬಳಸುವ ಹಾಗಿಲ್ಲ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಬೇರೆ ಜಿಲ್ಲೆಯ ಒಂದು ಹಳೇ ಏರ್‌ಸ್ಟ್ರಿಪ್, ಹೆಸರು ಬೇಡ. ಸುಗ್ಗಿಯಲ್ಲಿ ಸುತ್ತಲಿನವರು ಅದರ ಮೇಲೆ ರಾಗಿ ಒಣಹಾಕುತ್ತಿದ್ದರು. ಅದಕ್ಕೆ ಡಾಂಬರಿನ ಮೇಲು ಹಾಸು ಹಾಕಲು ಅಂತ ಎಸ್ಟಿಮೇಟ್ ಮಾಡಿ ಕಳಿಸಿದ್ದೆವು. ಒಂದೇ ಸಾಲು: ರನ್‌ವೇ ಅಭಿವೃದ್ಧಿ, ಒಂದು ಕಾಮಗಾರಿ, ಇಷ್ಟು ಲಕ್ಷ. ಮೂರು ತಿಂಗಳಿಗೆ ವಾಪಸ್ ಬಂತು. ಕೆಳಗಿನ ಪದರಗಳ ಸ್ಥಿತಿ ಏನು ಅಂತ ಒಂದು ಪ್ರಶ್ನೆ ಮಾತ್ರ ಬರೆದಿದ್ದರು. ಸಿಟ್ಟು ಬಂತು. ಆದರೂ ಯಂತ್ರ ತರಿಸಿ ಕೊರೆಸಿದೆವು. ಕೊಳವೆಯಿಂದ ಡಾಂಬರಿನ ಉಂಡೆ ಹೊರಗೆ ಬಂತು, ಒಂದು ಸಣ್ಣ ಡಬ್ಬದ ಗಾತ್ರ. ಮೇಲಿನ ಅರ್ಧ ಗಟ್ಟಿ, ಕಪ್ಪಗೆ ಹೊಳೆಯುತ್ತಿತ್ತು. ಕೆಳಗಿನ ಅರ್ಧ ನನ್ನ ಅಂಗೈಯಲ್ಲಿ ಪುಡಿಯಾಯಿತು. ಜಲ್ಲಿ ಕಲ್ಲುಗಳ ಮೇಲೆ ಡಾಂಬರಿನ ಅಂಟೇ ಇರಲಿಲ್ಲ, ತೊಳೆದಿಟ್ಟ ಹಾಗೆ ಬೆಳ್ಳಗಿದ್ದವು. ಪಕ್ಕದ ಚರಂಡಿ ಹೂಳು ತುಂಬಿ, ಮಳೆ ನೀರು ವರ್ಷಗಟ್ಟಲೆ ಕೆಳಗಿನಿಂದ ಏರಿತ್ತು. ಅದರ ಮೇಲೆ ಹೊಸ ಹಾಸು ಹಾಕಿದ್ದರೆ ಎರಡು ಮಳೆಗಾಲಕ್ಕೆ ಎದ್ದು ಹೋಗುತ್ತಿತ್ತು. ಆ ಫೈಲು ವಾಪಸ್ ಕಳಿಸಿದವರಿಗೆ ನಾನು ಇವತ್ತಿಗೂ ಋಣಿ. ಎರಡನೇ ಸಲ ಚರಂಡಿಗೆ ಬೇರೆ, ಕೆಳಪದರಕ್ಕೆ ಬೇರೆ, ಮೇಲು ಹಾಸು ಹಾಕಲು ಬೇರೆ ಅಂತ ಬಿಡಿಸಿ ಬರೆದು ಕಳಿಸಿದೆವು, ಪ್ರತಿ ಕೊರೆತದ ಫೋಟೊ ಇಟ್ಟು. ಪಾಸಾಯಿತು.

ಆದ್ದರಿಂದ ಮನವಿಯಲ್ಲಿ "ಸುಧಾರಣೆ" ಅನ್ನುವ ಒಂದೇ ಪದ ಬಳಸಬೇಡಿ. ಉದ್ದ ಮಾಡುವುದು ಬೇರೆ, ಅಗಲ ಮಾಡುವುದು ಬೇರೆ, ತುದಿಯ ಸುರಕ್ಷತಾ ಜಾಗ ಬೇರೆ, ರಾತ್ರಿ ಇಳಿಯಲು ದೀಪ ಬೇರೆ. ಒಂದೊಂದಕ್ಕೂ ಒಂದೊಂದು ಸಾಲು. ಬಿರುಕು ತುಂಬುವುದು, ಹುಲ್ಲು ಕೊಯ್ಯುವುದು, ಚರಂಡಿ ಹೂಳು ತೆಗೆಯುವುದು ನಿರ್ವಹಣೆ. ಅದಕ್ಕೆ ಅನುದಾನ ಕೇಳಬೇಡಿ, ಅದು ಒಡೆಯನ ಕೆಲಸ.

ಉಡಾನ್ ಬಿಟ್ಟರೆ ಬೇರೆ ಹಣ ಇಲ್ಲವೇ ಅಂದರೆ, ಮುಖ್ಯವಾಗಿ ರಾಜ್ಯ ಬಜೆಟ್. ಬಂಡವಾಳ ಕಾಮಗಾರಿಗೆ ರಾಜ್ಯಗಳಿಗೆ ಕೇಂದ್ರ 50 ವರ್ಷದ ಬಡ್ಡಿ ಇಲ್ಲದ ಸಾಲ ಕೊಡುತ್ತಿದೆ, 2020-21ರಿಂದ. ಅದು ಸಾಲ, ಅನುದಾನ ಅಲ್ಲ, ಆದರೂ ಬಡ್ಡಿ ಇಲ್ಲದ ಐವತ್ತು ವರ್ಷ ಅಂದರೆ ಕಡಿಮೆ ಏನಲ್ಲ. ಅದಕ್ಕೆ ಯಾವ ಕಾಮಗಾರಿ ಸೇರಿಸಬೇಕು ಅಂತ ತೀರ್ಮಾನಿಸುವುದೂ ರಾಜ್ಯವೇ. ಸಂಸದರ ನಿಧಿಯಿಂದ ಮಾಡಿಸಿ ಅಂತ ಕೆಲವರು ಹೇಳುತ್ತಾರೆ. ವರ್ಷಕ್ಕೆ ಐದು ಕೋಟಿ, ಇಡೀ ಕ್ಷೇತ್ರಕ್ಕೆ. 2,000 ಮೀಟರ್ ಉದ್ದ, 30 ಮೀಟರ್ ಅಗಲಕ್ಕೆ ಬರೀ ಐದು ಸೆಂಟಿಮೀಟರ್ ಮೇಲು ಹಾಸು ಹಾಕಿದರೂ 7,000 ಟನ್ ಮೇಲೆ ಡಾಂಬರು ಮಿಶ್ರಣ ಬೇಕು. ಆ ನಿಧಿಯನ್ನು ಶಾಲೆಗೆ, ಕುಡಿಯುವ ನೀರಿಗೆ ಬಿಡಿ.

ಇನ್ನೊಂದನ್ನು ಕೇಳಲು ಮರೆಯಬೇಡಿ: ತೆರೆದ ಮೇಲೆ ನಡೆಸುವ ಖರ್ಚು ಯಾರದ್ದು? ವಿಮಾನ ದಿನಕ್ಕೊಂದು ಬಂದರೂ ಅಗ್ನಿಶಾಮಕ ವಾಹನ, ಭದ್ರತಾ ಸಿಬ್ಬಂದಿ, ವಿದ್ಯುತ್ ಎಲ್ಲಾ ಪೂರ್ತಿ ಬೇಕು. ಬೀದರ್‌ನಲ್ಲಿ ಹಾರಾಟ ಶುರುವಾಗಿ, ನಿಂತು, ಮತ್ತೆ ಶುರುವಾದದ್ದು ನೋಡಿದ್ದೇವೆ. ವಿಮಾನ ನಿಂತ ತಿಂಗಳುಗಳಲ್ಲೂ ರನ್‌ವೇ ಕಾಯಬೇಕು. ಮೊದಲ ಐದು ವರ್ಷದ ನಿರ್ವಹಣೆಗೆ ರಾಜ್ಯ ಬಜೆಟ್‌ನಲ್ಲಿ ಪ್ರತ್ಯೇಕ ಲೆಕ್ಕ ಶೀರ್ಷಿಕೆ ಇರಲಿ ಅಂತ ಕೇಳಿ.

ಮನವಿ ಬರೆಯುವ ಮೊದಲು ಹತ್ತು ರೂಪಾಯಿ ಕಟ್ಟಿ ಇಲಾಖೆಗೆ ಒಂದು ಮಾಹಿತಿ ಹಕ್ಕು ಅರ್ಜಿ ಹಾಕಿ. ರನ್‌ವೇ ಯಾವ ವಿಮಾನಕ್ಕೆ ವಿನ್ಯಾಸ ಆಗಿದೆ, ಅಡೆತಡೆಗಳ ಸರ್ವೆ ಯಾವಾಗ ಆಯಿತು, ಲೈಸೆನ್ಸಿಗೆ ಅರ್ಜಿ ಹೋಗಿದೆಯಾ, ಉಡಾನ್ ಪಟ್ಟಿಗೆ ಹಾಸನದ ಹೆಸರನ್ನು ರಾಜ್ಯ ಕಳಿಸಿದೆಯಾ, ಮುಂದೆ ಉದ್ದ ಮಾಡಲು ಜಾಗ ಗುರುತಿಸಿದೆಯಾ. ಐದೇ ಪ್ರಶ್ನೆ. ಉತ್ತರದ ಪ್ರತಿಯನ್ನು ಮನವಿಗೆ ಲಗತ್ತಿಸಿ. ಆಗ ನಿಮ್ಮ ಮನವಿ ಇಲಾಖೆಯ ಕಾಗದದ ಮೇಲೇ ನಿಂತಿರುತ್ತದೆ, ಪಕ್ಕಕ್ಕೆ ಸರಿಸಲು ಆಗುವುದಿಲ್ಲ.

ಮನವಿ ಎರಡೇ ಪುಟ ಇರಲಿ. ಮೊದಲ ಪುಟದಲ್ಲಿ ಮೂರು ಬೇಡಿಕೆ: ಎತ್ತರ ಮತ್ತು ಬಿಸಿಲಿನ ಲೆಕ್ಕ ಸೇರಿದ ರನ್‌ವೇ ಅಧ್ಯಯನ ಮಾಡಿಸಿ, ಮುಂದಿನ ಉಡಾನ್ ಬಿಡ್‌ಗೆ ಹೈದರಾಬಾದ್ ಮತ್ತು ಮುಂಬೈ ಮಾರ್ಗಕ್ಕೆ ಹಾಸನದ ಹೆಸರು ಕಳಿಸಿ ರಾಜ್ಯದ ರಿಯಾಯಿತಿಗೆ ಲಿಖಿತ ಒಪ್ಪಿಗೆ ಕೊಡಿ, ಮುಂದಿನ ವಿಸ್ತರಣೆಗೆ ಬೇಕಾದ ಜಾಗ ಮತ್ತು ಎತ್ತರದ ಮಿತಿಯನ್ನು ಈಗಲೇ ಅಧಿಸೂಚನೆ ಮಾಡಿ. ಎರಡನೇ ಪುಟ ನಿಮ್ಮ ಕೋಷ್ಟಕ. ಅದನ್ನೇ ಮೂರು ನಾಲ್ಕು ವಿಮಾನ ಕಂಪನಿಗಳಿಗೂ ಕಳಿಸಿ, ಅವರು ಓದುತ್ತಾರೆ.

ಕೋಷ್ಟಕಕ್ಕೆ ಒಳ್ಳೆಯ ಕಾಲ ನವೆಂಬರ್‌ನಿಂದ ಜನವರಿ. ನಿಮಗೆ ಅದು ಕಾಫಿ ಕೊಯ್ಲಿನ ಸಮಯ, ತೋಟ ಬಿಟ್ಟು ಬರಲು ಆಗುವುದಿಲ್ಲ ಅಂತ ಗೊತ್ತು. ಅದಕ್ಕೇ ಮಳೆ ಬಿಡುವ ಹೊತ್ತಿಗೇ ಟ್ಯಾಕ್ಸಿ ಸ್ಟ್ಯಾಂಡಿನವರ ಹತ್ತಿರ ಮಾತಾಡಿ, ಒಂದೊಂದು ಹೊಸ ನೋಟ್‌ಬುಕ್ ಕೊಟ್ಟು ಬನ್ನಿ. ಕೊಯ್ಲು ಮುಗಿಯುವಷ್ಟರಲ್ಲಿ ಅವು ತುಂಬಿರುತ್ತವೆ.